ಗಣಕಕ್ಕೊಂದು ಅಭ್ಯಂಜನ

ಮಹಾನವಮಿಯ ದಿನ ಮೈಸೂರಿನ ಮನೆಗಳಲ್ಲಿ ಆಯುಧಗಳಿಗೆ ಪೂಜೆ ಸಲ್ಲುವುದು ಎಲ್ಲರೂ ಬಲ್ಲ ಸಂಗತಿ. ಅರಮನೆಯಲ್ಲಿ ಖಡ್ಗಕ್ಕೆ, ರೈತನ ಮನೆಯಲ್ಲಿ ನೇಗಿಲಿಗೆ, ದರ್ಜಿಯ ಅಂಗಡಿಯಲ್ಲಿ ಹೊಲಿಗೆಯಂತ್ರಕ್ಕೆ ಸಲ್ಲುವ ಗಂಧಾಕ್ಷತೆ ಕೆಲವು ದಶಕಗಳಿಂದ ಗಣಕಯಂತ್ರಕ್ಕೂ ಸಲ್ಲುತ್ತಿದೆ. ಪರದೆಯ ಹಣೆಗೆ ಕುಂಕುಮ, ಪೆಟ್ಟಿಗೆಯ ನೆತ್ತಿಗೆ ಒಂದು ಸೇವಂತಿಗೆ, ಕೀಲಿಮಣೆಯ ಪಕ್ಕದಲ್ಲಿ ಎರಡು ಬಾಳೆಹಣ್ಣು! ಆದರೆ ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಅದೇ ದಿನ ಸ್ಕೂಟರಿಗೆ ಹೂ ಮುಡಿಸುವ ಮುನ್ನ ಮನೆಯ ಹುಡುಗರು ಅದರ ಚಕ್ರದ ಕೆಸರನ್ನು ಕೆರೆದು, ನೀರೆರೆದು ತೊಳೆದು, ಒರೆಸಿ ನಿಲ್ಲಿಸುತ್ತಾರೆ. ಗಣಕಕ್ಕೆ ಮಾತ್ರ ಸ್ನಾನವಿಲ್ಲದೆ ನೇರವಾಗಿ ಮಂಗಳಾರತಿ. ಅದರ ಹೊಟ್ಟೆಯಲ್ಲಿ ಐದಾರು ವರ್ಷಗಳ ಧೂಳು ಗೂಡುಕಟ್ಟಿಕೊಂಡು ಕುಳಿತಿರುತ್ತದೆ. ಹೊರಗೆ ಕರ್ಪೂರ ಉರಿಯುತ್ತಿರುತ್ತದೆ. ದೇವರಿಗಾದರೂ ಅಭಿಷೇಕವಾದ ಮೇಲೆಯೇ ಅಲಂಕಾರವೆಂಬ ಕ್ರಮವಿರುವಾಗ, ಈ ಪಾಪದ ಯಂತ್ರಕ್ಕೆ ಮಾತ್ರ ಆ ಕ್ರಮ ತಪ್ಪಿದ್ದೇಕೋ ತಿಳಿಯದು.

ಚಾಮರಾಜಪುರದಂತಹ ಹಳೆಯ ಬಡಾವಣೆಯಲ್ಲಿ ಇಂಥ ಗಣಕಗಳ ಚರಿತ್ರೆ ಬಹುಮಟ್ಟಿಗೆ ಒಂದೇ ತೆರನಾದುದು. ಮಗನೋ ಮಗಳೋ ಇಂಜಿನಿಯರಿಂಗ್ ಓದುವ ಕಾಲಕ್ಕೆ, ಭವಿಷ್ಯನಿಧಿಯ ಹಣದಲ್ಲಿ ಒಂದು ಪಾಲನ್ನು ತೆಗೆದು ಕೊಂಡ ಯಂತ್ರ. ಓದು ಮುಗಿಯಿತು, ಓದಿದವರು ಬೆಂಗಳೂರಿಗೋ ಸಾಗರದಾಚೆಗೋ ಹೊರಟುಹೋದರು. ಯಂತ್ರ ಮಾತ್ರ ಮುಂದಿನ ಕೋಣೆಯ ಮೂಲೆಯಲ್ಲಿ, ಕಸೂತಿ ಹಾಕಿದ ಹೊದಿಕೆಯ ಕೆಳಗೆ, ಮನೆಯ ಹಿರಿಯರ ಪಾಲಿಗೆ ಉಳಿಯಿತು. ವಿದ್ಯುಚ್ಛಕ್ತಿಯ ಬಿಲ್ಲು ಕಟ್ಟುವುದು, ಪಿಂಚಣಿಯ ಕಾಗದಪತ್ರ ನೋಡುವುದು, ಭಾನುವಾರ ಮೊಮ್ಮಕ್ಕಳ ಮುಖ ಕಾಣುವುದು—ಎಲ್ಲವೂ ಅದರಲ್ಲಿಯೇ. ಹೊತ್ತು ಹೋಗದಿದ್ದಾಗ ನಾಲ್ಕು ಸಾಲು ಬರೆಯುವುದೂ ಅದರಲ್ಲಿಯೇ. ಈಗ ಆ ಯಂತ್ರ ನಿಧಾನವಾಗಿದೆ. ಗುಂಡಿ ಒತ್ತಿ, ಅಡಿಗೆಮನೆಗೆ ಹೋಗಿ, ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಕಾಫಿ ಬೆರೆಸಿಕೊಂಡು ಬಂದರೂ ಪರದೆಯ ಮೇಲೆ ಆ ಚಿಕ್ಕ ಚಕ್ರ ಇನ್ನೂ ಸುತ್ತುತ್ತಲೇ ಇರುತ್ತದೆ. "ಗುಜರಿಗೆ ಹಾಕಿ, ಹೊಸದು ಕಳಿಸುತ್ತೇನೆ" ಎಂದು ದೂರದ ಮಗ ದೂರವಾಣಿಯಲ್ಲಿ ಹೇಳುತ್ತಾನೆ. ಮಾತು ಪ್ರೀತಿಯದೇ. ಆದರೆ ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಳ್ಳುವುದಕ್ಕೂ ಈ ಸಲಹೆಗೂ ಅಂತರ ಬಹಳವಿಲ್ಲ.

ಎತ್ತಿಗೆ ಮುಪ್ಪು ಬರುವಂತೆ ಗಣಕಕ್ಕೆ ಮುಪ್ಪು ಬರುವುದಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಹತ್ತು ವರ್ಷದ ಹಿಂದೆ ಎರಡು ಸಂಖ್ಯೆಗಳನ್ನು ಕೂಡಲು ಅದರ ಪ್ರೊಸೆಸರು ಎಷ್ಟು ಕಾಲ ತೆಗೆದುಕೊಳ್ಳುತ್ತಿತ್ತೋ, ತಂಪಾಗಿದ್ದರೆ ಇಂದೂ ಅಷ್ಟೇ ಕಾಲ ತೆಗೆದುಕೊಳ್ಳುತ್ತದೆ. ಬದಲಾದುದು ಬೇರೆ: ಅದರ ಬೆನ್ನ ಮೇಲಿನ ಹೊರೆ ಬೆಳೆದಿದೆ, ಉಸಿರಾಡುವ ದಾರಿ ಧೂಳಿನಿಂದ ಕಟ್ಟಿದೆ, ತಿರುಗಿ ತಿರುಗಿ ಅದರ ತಟ್ಟೆ ದಣಿದಿದೆ. ಈ ಮೂರರಲ್ಲಿ ಯಾವುದು ಮುಖ್ಯ ಕಾರಣವೆಂದು ತಿಳಿಯದೆ ಔಷಧ ಕೊಡುವವನು ನಾಡಿ ನೋಡದೆ ಕಷಾಯ ಕುಡಿಸುವ ವೈದ್ಯನಂತೆ.

ನಾಡಿ ನೋಡುವುದು ಕಷ್ಟವೇನಲ್ಲ. ವಿಂಡೋಸ್ ಇರುವ ಗಣಕದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುತ್ತದೆ. ಅದರಲ್ಲಿ ಪ್ರೊಸೆಸರು, ಮೆಮೊರಿ, ಡಿಸ್ಕು ಇವುಗಳ ಎದುರಿಗೆ ಶೇಕಡಾವಾರು ಅಂಕೆಗಳಿರುತ್ತವೆ. ಯಂತ್ರ ತಿಣುಕುತ್ತಿರುವ ಹೊತ್ತಿನಲ್ಲಿ ಅವುಗಳನ್ನು ಒಂದೆರಡು ನಿಮಿಷ ಸುಮ್ಮನೆ ನೋಡಬೇಕು. ಡಿಸ್ಕಿನ ಅಂಕೆ ನೂರಕ್ಕೆ ಅಂಟಿಕೊಂಡು ಇಳಿಯದಿದ್ದರೆ ರೋಗ ಹಾರ್ಡ್ ಡಿಸ್ಕಿನದು. ಮೆಮೊರಿ ತೊಂಬತ್ತನ್ನು ಮೀರಿದ್ದರೆ, ಹಾಸಿಗೆ ಇದ್ದಷ್ಟು ಕಾಲು ಚಾಚದೆ ಒಮ್ಮೆಗೇ ಹಲವು ಕೆಲಸ ಹಚ್ಚಿದ್ದಾಗಿದೆ ಎಂದು ಅರ್ಥ. ಏನೂ ಮಾಡದೆ ಕುಳಿತಿರುವಾಗಲೂ ಪ್ರೊಸೆಸರು ದುಡಿಯುತ್ತಿದ್ದರೆ, ಯಾರದೋ ಕೆಲಸವನ್ನು ಅದು ಕದ್ದು ಮಾಡುತ್ತಿದೆಯೆಂದು ಸಂಶಯಪಡಬೇಕು. ಮೂರೂ ಅಂಕೆಗಳು ತಗ್ಗಿನಲ್ಲಿದ್ದು ಅಂತರ್ಜಾಲದ ಪುಟಗಳು ಮಾತ್ರ ತಡವಾಗಿ ಬರುತ್ತಿದ್ದರೆ ತಪ್ಪು ಗಣಕದ್ದಲ್ಲ, ತಂತಿಯದು. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ಇಲ್ಲಿ ತಲೆಕೆಳಗಾಗುತ್ತದೆ. ನೆಲವೇ ಡೊಂಕಾಗಿರುವಾಗ ಕುಣಿಯುವವಳನ್ನು ಬಯ್ಯುವುದು ನ್ಯಾಯವಲ್ಲ.

ಚಿಕಿತ್ಸೆಗೆ ಕೈಹಾಕುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಇದನ್ನು ಬಿಟ್ಟು ಮುಂದಿನದನ್ನು ಮಾಡಲೇಬಾರದು. ಯಂತ್ರದ ಒಳಗಿರುವ ಬರಹ, ಚಿತ್ರ, ಕಾಗದಪತ್ರಗಳಿಗೆ ಪ್ರತಿ ಮಾಡಿಡುವುದೇ ಆ ಕೆಲಸ. ಚಾಮರಾಜಪುರದಿಂದ ಬಹು ದೂರವಲ್ಲದ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನು ಇಲ್ಲಿ ನೆನೆಯುವುದು ಉಚಿತ. 1891ರಲ್ಲಿ ಸ್ಥಾಪಿತವಾದ ಆ ಸಂಸ್ಥೆಗೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಯೋಲೆಯ ಕಟ್ಟಿನಲ್ಲಿಯೇ ಕೌಟಿಲ್ಯನ ಅರ್ಥಶಾಸ್ತ್ರ ದೊರೆತದ್ದು. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಗಿ ಲೋಕಕ್ಕೆ ಲಭಿಸಿತು. ಶತಮಾನಗಳ ಕಾಲ ಲೋಕ ಮರೆತಿದ್ದ ಗ್ರಂಥ ಉಳಿದು ಬಂದುದು ಹೇಗೆ? ಓಲೆ ಅಮರವೆಂದಲ್ಲ. ಒಂದು ಓಲೆ ಶಿಥಿಲವಾಗುವ ಮುನ್ನ ಯಾರೋ ಹೆಸರಿಲ್ಲದ ಲಿಪಿಕಾರನು ಇನ್ನೊಂದು ಓಲೆಗೆ ಪ್ರತಿ ಮಾಡಿದ್ದನೆಂದು. ಓಲೆಗೆ ನಿಂಬೆಹುಲ್ಲಿನ ತೈಲ ಸವರಿ ಹುಳುವನ್ನು ದೂರವಿಡುವುದು ರಕ್ಷಣೆಯ ಒಂದು ಭಾಗ. ಪ್ರತಿ ಮಾಡುವುದು ಇನ್ನೊಂದು ಭಾಗ. ಗಣಕದ ವಿಷಯದಲ್ಲಿ ಜನ ಮೊದಲನೆಯದಕ್ಕೆ ಆತುರಪಟ್ಟು ಎರಡನೆಯದನ್ನು ಮರೆಯುತ್ತಾರೆ. ಮುಖ್ಯವಾದ ಕಡತಗಳ ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲೋ ಅಂತರ್ಜಾಲದ ಭಂಡಾರದಲ್ಲೋ ಇರಲಿ. ಪ್ರತಿ ಮಾಡಿದ ಮೇಲೆ ಅದನ್ನು ಒಮ್ಮೆ ತೆರೆದು ನೋಡಿ ಖಾತ್ರಿ ಮಾಡಿಕೊಳ್ಳಬೇಕು. ತೆರೆಯಲಾರದ ಪ್ರತಿ ಪ್ರತಿಯೇ ಅಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ವಿಶೇಷವಾದೊಂದು ಅಪಾಯವಿದೆ. ಹಳೆಯ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಬರೆದಿಟ್ಟ ಕಡತಗಳು ಅನೇಕ ಮನೆಗಳಲ್ಲಿವೆ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರದ ಕಚೇರಿಗಳಲ್ಲಿ ಬೇರೂರಿತು. ಆ ಕಾಲದ ಕಡತಗಳಲ್ಲಿ ಬಹುಪಾಲು ನಿಜವಾಗಿ ಕನ್ನಡದ ಅಕ್ಷರಗಳೇ ಇರುವುದಿಲ್ಲ! ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ವೇಷ ತೊಡಿಸುವುದು ಆಯಾ ತಂತ್ರಾಂಶದ ಅಕ್ಷರಶೈಲಿ, ಎಂದರೆ ಫಾಂಟು. ಯಾರಾದರೂ ಹುಡುಗ ಬಂದು ಡಿಸ್ಕನ್ನು ಒಮ್ಮೆ ಅಳಿಸಿ ಹೊಸದಾಗಿ ವಿಂಡೋಸ್ ತುಂಬಿದನೆನ್ನಿ. ಕಡತಗಳನ್ನು ಜತನದಿಂದ ಎತ್ತಿಟ್ಟಿದ್ದರೂ ಫಾಂಟು ಅಳಿದುಹೋಗಿರುತ್ತದೆ. ಮರುದಿನ ಮನೆಯ ಯಜಮಾನರು ತಾವು ನಾಲ್ಕು ವರ್ಷ ಬರೆದ ಆತ್ಮಕಥೆಯನ್ನು ತೆರೆದರೆ ಕಾಣುವುದು ಇಂಗ್ಲಿಷೂ ಅಲ್ಲದ ಕನ್ನಡವೂ ಅಲ್ಲದ ಭೂತಲಿಪಿ. ಎದೆ ಧಸಕ್ಕೆನ್ನುವುದು ಸಹಜ. ಆದರೆ ಬರಹ ಹೋಗಿಲ್ಲ, ವೇಷ ಮಾತ್ರ ಕಳಚಿದೆ. ಆ ಫಾಂಟನ್ನು ಪುನಃ ಸ್ಥಾಪಿಸಿದರೆ, ಅಥವಾ ಪರಿವರ್ತಕ ತಂತ್ರಾಂಶದಿಂದ ಕಡತವನ್ನು ಯೂನಿಕೋಡಿಗೆ ತಿರುಗಿಸಿದರೆ, ಅಕ್ಷರಗಳು ಮರಳಿ ಬರುತ್ತವೆ. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನವಿತ್ತು; ಅದರಲ್ಲಿರುವ ಬರಹವನ್ನು ಯಾವ ದೇಶದ ಯಾವ ಗಣಕವಾದರೂ, ಕೈಯಲ್ಲಿ ಹಿಡಿಯುವ ದೂರವಾಣಿಯಾದರೂ ಓದಬಲ್ಲದು. ಆದುದರಿಂದ ಗಣಕವನ್ನು ಶುಚಿಗೊಳಿಸುವ ನೆಪದಲ್ಲಿ ಹಳೆಯ ಕನ್ನಡ ಕಡತಗಳನ್ನೆಲ್ಲ ಯೂನಿಕೋಡಿಗೆ ತಂದಿಡುವುದು ಪುಣ್ಯದ ಕೆಲಸ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕೆಗಳು ಸರಿಯಾಗಿ ಬಂದಿವೆಯೇ ಎಂದು ಕರಡು ತಿದ್ದುವಂತೆ ಒಮ್ಮೆ ಓದಬೇಕು. ಮೂಲ ಕಡತವನ್ನೂ ಅಳಿಸದೆ ಇಟ್ಟುಕೊಂಡಿರಬೇಕು.

ಇನ್ನು ಅಭ್ಯಂಜನ. ಗಣಕವನ್ನು ಆರಿಸಿ, ವಿದ್ಯುತ್ತಿನ ತಂತಿಯನ್ನು ಗೋಡೆಯಿಂದಲೇ ಕಿತ್ತಿಟ್ಟು, ಪೆಟ್ಟಿಗೆಯನ್ನು ಹಿತ್ತಲಿಗೋ ಜಗುಲಿಗೋ ಹೊರಬೇಕು. ಪಕ್ಕದ ತಗಡನ್ನು ಬಿಚ್ಚಿದರೆ ಒಳಗಿನ ದೃಶ್ಯ ಮನೆಯವರನ್ನು ನಾಚಿಸುವಂತಿರುತ್ತದೆ. ಪ್ರೊಸೆಸರಿನ ಮೇಲೆ ಕುಳಿತಿರುವ ಲೋಹದ ರೆಕ್ಕೆಗಳ ನಡುವೆ, ಬೀಸಣಿಗೆಯ ಎಲೆಗಳ ಮೇಲೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಈ ಕಂಬಳಿ ಹೊದ್ದ ಪ್ರೊಸೆಸರು ಕಾಯುತ್ತದೆ. ಕಾದದ್ದು ಮಿತಿ ಮೀರಿದಾಗ ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದರ ನಿರ್ಮಾಣದಲ್ಲಿಯೇ ಅಂಥ ವ್ಯವಸ್ಥೆಯಿದೆ. ಮನೆಯವರು ಮುಪ್ಪೆಂದು ತಿಳಿದದ್ದು ಎಷ್ಟೋ ವೇಳೆ ಈ ಆತ್ಮರಕ್ಷಣೆಯೇ. ಮೃದುವಾದ ಒಣ ಕುಂಚದಿಂದ, ಗಾಳಿ ಊದುವ ಬ್ಲೋಯರಿನಿಂದ ಧೂಳನ್ನು ಹೊರದೂಡಬೇಕು. ಊದುವಾಗ ಬೀಸಣಿಗೆಯನ್ನು ಬೆರಳಿನಿಂದ ತಡೆದು ಹಿಡಿದಿರಬೇಕು, ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಕೆಡುತ್ತದೆ. ಒದ್ದೆ ಬಟ್ಟೆ ಕೂಡದು. ವಿದ್ಯುತ್ತನ್ನು ಒದಗಿಸುವ ಪವರ್ ಸಪ್ಲೈ ಎಂಬ ಮುಚ್ಚಿದ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ತಂತಿ ಕಿತ್ತ ಮೇಲೆಯೂ ಅದರೊಳಗೆ ಪ್ರಾಣಾಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಪ್ರೊಸೆಸರಿಗೂ ಲೋಹದ ರೆಕ್ಕೆಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿದ್ದರೆ ಅದನ್ನು ಒರೆಸಿ ಹೊಸದನ್ನು ಹಚ್ಚುವ ಕೆಲಸವನ್ನು ಬಲ್ಲವರ ಕೈಗೆ ಕೊಡುವುದು ಲೇಸು.

ಪೆಟ್ಟಿಗೆ ತೆರೆದಿರುವಾಗಲೇ ಇನ್ನೊಂದು ಸಣ್ಣ ವಸ್ತುವಿನ ಕಡೆಗೆ ಕಣ್ಣು ಹಾಯಿಸಬೇಕು: ಎಂಟಾಣೆಯ ಬಿಲ್ಲೆಯಂತಹ ಮೂರು ವೋಲ್ಟಿನ ಬ್ಯಾಟರಿ. ಅಂಗಡಿಯಲ್ಲಿ ಸಿಆರ್ 2032 ಎಂದರೆ ಕೊಡುತ್ತಾರೆ. ಇದು ಬರಿದಾದರೆ ಗಣಕ ಪ್ರತಿ ಸಲವೂ ತನ್ನ ಹುಟ್ಟಿದ ವರ್ಷಕ್ಕೆ ಹಿಂದಿರುಗುತ್ತದೆ. ಗಡಿಯಾರ ಹಲವು ವರ್ಷ ಹಿಂದೆ ನಿಲ್ಲುತ್ತದೆ. ಬ್ಯಾಂಕಿನ ಪುಟವೂ ಅಂಚೆಯ ಪುಟವೂ "ಈ ತಾಣ ಸುರಕ್ಷಿತವಲ್ಲ" ಎಂದು ಬಾಗಿಲು ಮುಚ್ಚುತ್ತವೆ. ಏಕೆಂದರೆ ಆ ಪುಟಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. ಗಣಕದ ಪಂಚಾಂಗ ತಪ್ಪಿದರೆ ಲೆಕ್ಕ ತಾಳೆಯಾಗದು. ಅಂತರ್ಜಾಲವೇ ಕೆಟ್ಟಿತೆಂದು ಯಾರು ಯಾರನ್ನೋ ಕರೆಸುವ ಬದಲು ಈ ಚಿಕ್ಕ ಬಿಲ್ಲೆಯನ್ನು ಬದಲಾಯಿಸಿದರೆ ಸಾಕಾಗುವುದುಂಟು.

ಹೊರಗಿನ ಸ್ನಾನವಾದ ಮೇಲೆ ಒಳಗಿನ ಶುದ್ಧಿ. ಮದುವೆಮನೆಯಲ್ಲಿ ಊಟವಾದ ಮೇಲೂ ಹೊರಡದ ನೆಂಟರಂತೆ, ಗಣಕದಲ್ಲಿ ಎಂದೋ ಒಂದು ದಿನದ ಕೆಲಸಕ್ಕೆ ಕರೆಸಿದ ತಂತ್ರಾಂಶಗಳು ಬೀಡುಬಿಟ್ಟಿರುತ್ತವೆ. ಬೀಡುಬಿಟ್ಟರೆ ಚಿಂತೆಯಿಲ್ಲ, ಅವುಗಳಲ್ಲಿ ಹಲವು ಬೆಳಿಗ್ಗೆ ಯಂತ್ರ ಕಣ್ಣು ತೆರೆಯುವ ಮುನ್ನವೇ ತಾವೂ ಎದ್ದು ಕಾಫಿ ಕೇಳುತ್ತವೆ! ಟಾಸ್ಕ್ ಮ್ಯಾನೇಜರಿನಲ್ಲಿಯೇ ಸ್ಟಾರ್ಟಪ್ ಎಂಬ ಪಟ್ಟಿಯಿದೆ. ಬೇಡವಾದವುಗಳನ್ನು ಅಲ್ಲಿ ತಡೆಯಬಹುದು. ತಡೆದುದನ್ನು ಬೇಕೆಂದಾಗ ಪುನಃ ಬಿಡಬಹುದಾದ ಕಾರಣ ಇದರಲ್ಲಿ ಹೆದರಿಕೆಗೆ ಎಡೆಯಿಲ್ಲ. ಎಂದಿಗೂ ಬಳಸದವನ್ನು ಸೆಟ್ಟಿಂಗ್ಸಿನ ಮೂಲಕ ಪೂರ್ತಿಯಾಗಿ ತೆಗೆದುಹಾಕಬೇಕು. ಯಾವುದೋ ಹೆಸರು ಅರ್ಥವಾಗದಿದ್ದರೆ, ಅರ್ಥವಾಗುವವರೆಗೆ ಅದನ್ನು ಮುಟ್ಟದಿರುವುದು ವಿವೇಕ. ಎರಡು ಆಂಟಿವೈರಸ್ ತಂತ್ರಾಂಶಗಳನ್ನು ಇಟ್ಟುಕೊಂಡರೆ ಇಮ್ಮಡಿ ರಕ್ಷಣೆಯೆಂದು ಕೆಲವರ ನಂಬಿಕೆ. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರು ನಿಂತು ಪರಸ್ಪರರನ್ನೇ ತಪಾಸಣೆ ಮಾಡತೊಡಗಿದರೆ ಮನೆಯವರು ಒಳಗೆ ಹೋಗುವುದು ಯಾವಾಗ? ವಿಂಡೋಸ್ 10ರಲ್ಲಿಯೂ ಅನಂತರದ್ದರಲ್ಲಿಯೂ ಒಬ್ಬ ಕಾವಲುಗಾರ ಹುಟ್ಟಿನಿಂದಲೇ ಇದ್ದಾನೆ. ಸಾಮಾನ್ಯ ಮನೆಗೆ ಅವನೇ ಸಾಕು.

ಡಿಸ್ಕು ಕಂಠಮಟ್ಟ ತುಂಬಿದ್ದರೂ ಯಂತ್ರ ಏದುಸಿರು ಬಿಡುತ್ತದೆ. ಐದರಲ್ಲಿ ಒಂದು ಭಾಗವಾದರೂ ಬರಿದಾಗಿರುವುದು ಒಳ್ಳೆಯದು. ಕಸದ ಬುಟ್ಟಿಯನ್ನು ಖಾಲಿ ಮಾಡುವುದು, ಸ್ಟೋರೇಜ್ ಎಂಬಲ್ಲಿ ತಾತ್ಕಾಲಿಕ ಕಡತಗಳನ್ನು ಅಳಿಸುವುದು, ಡೌನ್‌ಲೋಡ್ಸ್ ಎಂಬ ಉಗ್ರಾಣದಲ್ಲಿ ಒಂದೇ ಆಮಂತ್ರಣಪತ್ರಿಕೆಯ ಏಳು ಪ್ರತಿಗಳಿದ್ದರೆ ಆರನ್ನು ಕಳೆಯುವುದು—ಇವು ಭಾನುವಾರದ ಮಧ್ಯಾಹ್ನಕ್ಕೆ ತಕ್ಕ ಕೆಲಸ. ಬ್ರೌಸರಿಗೆ ಜೋತುಬಿದ್ದಿರುವ ಎಕ್ಸ್‌ಟೆನ್ಷನ್ನುಗಳನ್ನೂ, ತಿಂಗಳುಗಟ್ಟಲೆ ತೆರೆದೇ ಇರುವ ಹತ್ತಾರು ಪುಟಗಳನ್ನೂ ಮುಚ್ಚಿದರೆ ಮೆಮೊರಿಯ ಭಾರ ತಾನಾಗಿ ಇಳಿಯುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ ಅವಶ್ಯ. "ನಿಮ್ಮ ಗಣಕದಲ್ಲಿ 1,342 ದೋಷಗಳಿವೆ, ಈಗಲೇ ಶುದ್ಧಗೊಳಿಸಿ" ಎಂದು ಕೆಂಪು ಅಕ್ಷರಗಳಲ್ಲಿ ಅರಚುವ ಜಾಹೀರಾತುಗಳು ಪರದೆಯ ಮೇಲೆ ಹಾರಿಬರುತ್ತವೆ. ಜಾತ್ರೆಯಲ್ಲಿ ಸರ್ವರೋಗಕ್ಕೂ ಒಂದೇ ಬೇರು ಮಾರುವವನ ಮಾತಿಗೂ ಇದಕ್ಕೂ ಭೇದವಿಲ್ಲ. ಹೆಸರಾಂತ ತಂತ್ರಾಂಶವೂ ಕೈಕೊಡಬಹುದೆಂಬುದಕ್ಕೆ 2017ರ ನಿದರ್ಶನವೊಂದಿದೆ. ಸಿ-ಕ್ಲೀನರ್ ಎಂಬ ಜಗತ್ಪ್ರಸಿದ್ಧ ಶುದ್ಧೀಕರಣ ತಂತ್ರಾಂಶದ 5.33ನೆಯ ಆವೃತ್ತಿಯೊಳಗೆ ಕಳ್ಳರು, ತಯಾರಕರಿಗೇ ತಿಳಿಯದಂತೆ, ವಿಷವನ್ನು ಬೆರೆಸಿದ್ದರು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗಣಕಗಳಿಗೆ ಅದು ತಲಪಿದ ಮೇಲೆ ಗುಟ್ಟು ರಟ್ಟಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ವಿಂಡೋಸಿನಲ್ಲಿಯೇ ಇರುವ ಸಾಧನಗಳಿಂದ ಆಗುವ ಕೆಲಸಕ್ಕೆ ಹೊರಗಿನ ಪೊರಕೆಯನ್ನು ತರಬೇಕಾದ ಅಗತ್ಯ ಹೆಚ್ಚಿನವರಿಗಿಲ್ಲ.

ಇದಕ್ಕಿಂತ ಘೋರವಾದುದು ದೂರವಾಣಿಯ ಮೋಸ. "ನಿಮ್ಮ ಗಣಕ ನಿಧಾನವಾಗಿದೆಯೇ? ನಾವು ಕಂಪನಿಯವರು, ಇಲ್ಲಿಂದಲೇ ಸರಿಪಡಿಸುತ್ತೇವೆ" ಎಂಬ ಸಭ್ಯ ಧ್ವನಿ. ಯಾವ ಹಳೆಯ ಗಣಕ ತಾನೆ ನಿಧಾನವಾಗಿರುವುದಿಲ್ಲ? ಒಂಟಿಯಾಗಿರುವ ವೃದ್ಧರು, ಅಂತೂ ಯಾರೋ ವಿಚಾರಿಸಿದರಲ್ಲ ಎಂದು ಹೌದೆನ್ನುತ್ತಾರೆ; ಹೇಳಿದ ತಂತ್ರಾಂಶವನ್ನು ಸ್ಥಾಪಿಸುತ್ತಾರೆ; ದೂರದಲ್ಲಿ ಕುಳಿತವನ ಕೈಗೆ ಮನೆಯ ಬೀಗದ ಕೈಯನ್ನೇ ಕೊಟ್ಟಂತಾಗುತ್ತದೆ. ಅರ್ಧ ಗಂಟೆಯಲ್ಲಿ ಪಿಂಚಣಿಯ ಖಾತೆ ಬರಿದು. ಯಾವ ಕಂಪನಿಯೂ ಕರೆಯದೆ ಬಂದು ಗಣಕ ರಿಪೇರಿ ಮಾಡುವುದಿಲ್ಲ. ಅಂಥ ಅನಾಹುತವಾದರೆ ಅಂತರ್ಜಾಲದ ಸಂಪರ್ಕವನ್ನು ತಕ್ಷಣ ಕಿತ್ತು, ಬ್ಯಾಂಕಿಗೆ ತಿಳಿಸಿ, ಕೂಡಲೇ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬೇಕು. ಇಲ್ಲಿ ನಾಚಿಕೆಯಿಂದ ಕಳೆಯುವ ಪ್ರತಿಯೊಂದು ಗಳಿಗೆಯೂ ಕಳ್ಳನಿಗೆ ಲಾಭ.

ಇಷ್ಟೆಲ್ಲ ಶುದ್ಧಿಯಾದ ಮೇಲೂ ಯಂತ್ರ ತಿಣುಕುವುದುಂಟು. ಆಗ ರಿಪೇರಿಯ ಅಂಗಡಿಗೆ ಹೊರುವುದು ಅನಿವಾರ್ಯ. ಅಲ್ಲಿ ನಡೆಯಬಹುದಾದ ಸಂಭಾಷಣೆಯನ್ನು ಊಹಿಸುವುದು ಕಷ್ಟವಲ್ಲ.

"ಹತ್ತು ವರ್ಷದ ಮಾಲು ಸಾರ್ ಇದು. ಇದರ ಮೇಲೆ ದುಡ್ಡು ಹಾಕೋ ಬದಲು ಹೊಸದೇ ತೊಗೊಂಬಿಡಿ."

"ಅಲ್ಲಪ್ಪ, ನಿಧಾನ ಯಾಕಾಯಿತು ಅಂತ ಹೇಳಬಾರದೆ?"

"ವಯಸ್ಸಾಯ್ತಲ್ಲ ಸಾರ್."

"ನನಗೂ ಎಪ್ಪತ್ತೆರಡಾಯಿತು. ಮನೆಯವರು ಇನ್ನೂ ಗುಜರಿಗೆ ಹಾಕಿಲ್ಲವಲ್ಲ!"

ಮೇಷ್ಟರ ಮಾತಿನಲ್ಲಿ ನಗೆಯಷ್ಟೇ ಅಲ್ಲ, ನ್ಯಾಯವೂ ಇದೆ. ಚಾಮರಾಜಪುರಂ ನಿಲ್ದಾಣದಿಂದ ಚಾಮರಾಜನಗರದ ಕಡೆಗೆ ಹೊರಟರೆ ಮುಂದೆ ಸಿಗುವ ಅಶೋಕಪುರದಲ್ಲಿ ರೈಲ್ವೆಯ ದೊಡ್ಡ ಕಾರ್ಯಾಗಾರವಿದೆ. ನಿಗದಿಯಾದ ಅವಧಿಗೊಮ್ಮೆ ರೈಲುಗಾಡಿಯ ಬೋಗಿಗಳು ಅಲ್ಲಿಗೆ ಬರುತ್ತವೆ. ಅವುಗಳ ಗಾಲಿಯನ್ನು ಬಿಚ್ಚಿ, ಸವೆದ ಭಾಗವನ್ನು ಬದಲಾಯಿಸಿ, ಬಣ್ಣ ಬಳಿದು ಮತ್ತೆ ಹಳಿಯ ಮೇಲೆ ಬಿಡುತ್ತಾರೆ. ಸ್ಪ್ರಿಂಗು ಸವೆಯಿತೆಂದು ಬೋಗಿಯನ್ನೇ ಗುಜರಿಗೆ ಹಾಕುವ ಇಂಜಿನಿಯರು ಯಾವ ದೇಶದಲ್ಲಿಯೂ ಇಲ್ಲ. ಗಣಕಕ್ಕೂ ಅದೇ ವಿವೇಕ ಸಲ್ಲಬೇಕು.

ಸವೆದ ಭಾಗ ಸಾಮಾನ್ಯವಾಗಿ ಹಾರ್ಡ್ ಡಿಸ್ಕು. ಇದರ ವಂಶದ ಮೂಲಪುರುಷ 1956ರಲ್ಲಿ ಐಬಿಎಂ ಕಂಪನಿಯವರು ಹೊರತಂದ ರಾಮಾಕ್ ಎಂಬ ಯಂತ್ರದಲ್ಲಿತ್ತು. ಇಪ್ಪತ್ತನಾಲ್ಕು ಅಂಗುಲ ಅಗಲದ ಐವತ್ತು ತಟ್ಟೆಗಳು ಸೇರಿ ಐವತ್ತು ಲಕ್ಷ ಅಕ್ಷರಗಳನ್ನಷ್ಟೆ ಹಿಡಿಯುತ್ತಿದ್ದವು. ಇಂದಿನ ಡಿಸ್ಕು ಅಂಗೈಯಗಲದ್ದಾದರೂ ಕೆಲಸದ ರೀತಿ ಅದೇ: ತಟ್ಟೆ ತಿರುಗುತ್ತದೆ, ಗ್ರಾಮಫೋನಿನ ಮುಳ್ಳಿನಂತೆ ಒಂದು ತೋಳು ಬೇಕಾದ ಜಾಗಕ್ಕೆ ಚಲಿಸುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಬೇಕಾದ ಅಕ್ಷರ ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತೋಳು ಸರಿಯುವ ಕಾಲವೂ ಅದಕ್ಕೆ ಕೂಡಬೇಕು. ಹೀಗಾಗಿ ಚದುರಿಹೋದ ಮಾಹಿತಿಯನ್ನು ಸೆಕೆಂಡಿಗೆ ಸುಮಾರು ನೂರು ಕಡೆಗಳಿಂದ ಆಯ್ದು ತರುವುದೇ ಅದರ ಪರಮಾವಧಿ. ತಿರುಗುವ ಭಾಗವೇ ಇಲ್ಲದ ಎಸ್ಎಸ್‌ಡಿ ಅದೇ ಒಂದು ಸೆಕೆಂಡಿನಲ್ಲಿ ಹತ್ತಾರು ಸಾವಿರ ಕಡೆಗಳಿಂದ ತರುತ್ತದೆ. ಹಳೆಯ ಡಿಸ್ಕಿನ ಬದಲು ಒಂದು ಎಸ್ಎಸ್‌ಡಿಯನ್ನು ಕೂರಿಸಿದರೆ, ಕಾಫಿ ಬೆರೆಸುವಷ್ಟು ಹೊತ್ತು ಬೇಡುತ್ತಿದ್ದ ಯಂತ್ರ ಲೋಟ ತೊಳೆಯುವಷ್ಟರಲ್ಲಿ ಸಿದ್ಧವಾಗುತ್ತದೆ. ಹೊಸ ಗಣಕದ ಬೆಲೆಯ ಒಂದು ಅಲ್ಪಾಂಶ ಇದಕ್ಕೆ ಸಾಕು. ಮೆಮೊರಿ ನಾಲ್ಕು ಜಿಬಿ ಇದ್ದಲ್ಲಿ ಎಂಟಕ್ಕೆ ಏರಿಸುವುದು ಎರಡನೆಯ ಚಿಕಿತ್ಸೆ. ತೆಗೆದ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟುಬರಬಾರದು. ಕೇಳಿ ಮನೆಗೆ ತರಬೇಕು. ಒಂದು ಮಾತು ನೆನಪಿರಲಿ: ಹಳೆಯ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಅದು ಕೊನೆಯುಸಿರಿನ ಸೂಚನೆ. ಆಗ ಶುದ್ಧಿ ಗಿದ್ಧಿ ಎಲ್ಲವನ್ನೂ ಬಿಟ್ಟು, ಒಳಗಿನದನ್ನು ಹೊರತೆಗೆಯುವುದೊಂದೇ ಕರ್ತವ್ಯ.

ಯಂತ್ರ ಚುರುಕಾಯಿತೆನ್ನೋಣ, ಇನ್ನೊಂದು ತೊಡಕು ಉಳಿಯುತ್ತದೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಪೋಷಣೆ 2025ರ ಅಕ್ಟೋಬರ್ 14ರಂದು ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ ರಕ್ಷಣೆಯ ಪರಿಷ್ಕರಣಗಳನ್ನು 2026ರ ಅಕ್ಟೋಬರ್ 13ರವರೆಗೆ ಕೊಡುವುದಾಗಿ ಕಂಪನಿ ಗಡುವನ್ನು ಹಿಗ್ಗಿಸಿತು. ವಿಂಡೋಸ್ 11ಕ್ಕೆ ಏರೋಣವೆಂದರೆ ಟಿಪಿಎಂ 2.0 ಎಂಬ ರಕ್ಷಣಾ ವ್ಯವಸ್ಥೆ ಬೇಕು; ಇಂಟೆಲ್ ಪ್ರೊಸೆಸರುಗಳ ಪೈಕಿ ಎಂಟನೆಯ ಪೀಳಿಗೆಗಿಂತ ಹಿಂದಿನವು ಬಹುಮಟ್ಟಿಗೆ ಅದರ ಪಟ್ಟಿಗೆ ಹೊರಗು. ದುಡಿಯಬಲ್ಲ ಯಂತ್ರವನ್ನು ಹೀಗೆ ನಿವೃತ್ತಿಗೊಳಿಸುವುದು ಅದರ ದೌರ್ಬಲ್ಯವಲ್ಲ, ಒಂದು ಆಜ್ಞೆ. ಈ ಆಜ್ಞೆಗೆ ಒಳಗಾಗದ ದಾರಿಯೂ ಉಂಟು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಲಿನಕ್ಸ್ ಇಂದು ನಾನಾ ರೂಪಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಅದರಲ್ಲೊಂದಾದ ಲಿನಕ್ಸ್ ಮಿಂಟ್ ನಾಲ್ಕು ಜಿಬಿ ಮೆಮೊರಿಯಲ್ಲಿ ಸುಖವಾಗಿ ನಡೆಯುತ್ತದೆ. ಯೂನಿಕೋಡ್ ಕನ್ನಡವನ್ನು ಬಲ್ಲುದು. ಪತ್ರ ಬರೆಯಲು, ಮೊಮ್ಮಕ್ಕಳ ಮುಖ ಕಾಣಲು ಸಾಲುವಷ್ಟು ಸಾಮಗ್ರಿ ಅದರಲ್ಲಿದೆ. ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಿ, ಒಗ್ಗುತ್ತದೆಯೇ ಎಂದು ನೋಡಿದ ಮೇಲೆ ಸ್ಥಾಪಿಸುವ ಅನುಕೂಲವೂ ಇದೆ. ಹೊಸ ಬಾಡಿಗೆ ಮನೆಯಂತೆ ಮೊದಲ ವಾರ ಸ್ವಿಚ್ಚು ಎಲ್ಲಿ, ನಲ್ಲಿ ಎಲ್ಲಿ ಎಂದು ತಡಕಾಡಬೇಕಾಗುತ್ತದೆ, ಅಷ್ಟೆ. ವಿಂಡೋಸಿನಲ್ಲಿ ಮಾತ್ರ ನಡೆಯುವ ಹಳೆಯ ನುಡಿಯನ್ನೇ ನಂಬಿದವರು ಮೊದಲು ಕಡತಗಳನ್ನು ಯೂನಿಕೋಡಿಗೆ ತಂದುಕೊಂಡು ಅನಂತರ ಮನೆ ಬದಲಾಯಿಸುವುದು ಕ್ಷೇಮ.

ಏನು ಮಾಡಿದರೂ ಏಳದ ಯಂತ್ರಗಳೂ ಇವೆ. ಒಂದೇ ಜಿಬಿ ಮೆಮೊರಿಯ, ಇಪ್ಪತ್ತು ವರ್ಷದ ಪೆಟ್ಟಿಗೆಯಿಂದ ಇಂದಿನ ಅಂತರ್ಜಾಲವನ್ನು ಹೊರಿಸುವುದು ಕ್ರೌರ್ಯ. ಅಂತರ್ಜಾಲದ ತಂತಿಯನ್ನು ಬಿಡಿಸಿ ಬರಿಯ ಬೆರಳಚ್ಚು ಯಂತ್ರವಾಗಿ ಅದನ್ನು ಇಟ್ಟುಕೊಳ್ಳಬಹುದು. ಅದೂ ಬೇಡವಾದರೆ ಬೀಳ್ಕೊಡುವ ಕ್ರಮವನ್ನಾದರೂ ಪಾಲಿಸಬೇಕು. ಡಿಸ್ಕನ್ನು ಪೂರ್ತಿಯಾಗಿ ಅಳಿಸದೆ, ಅಥವಾ ತೆಗೆದಿಟ್ಟುಕೊಳ್ಳದೆ ಯಂತ್ರವನ್ನು ಕೈಬಿಡಬಾರದು. ಕಸದ ಬುಟ್ಟಿಗೆ ಹಾಕಿದ ಮಾತ್ರಕ್ಕೆ ಕಡತ ಅಳಿದಂತಾಗುವುದಿಲ್ಲ. ಬೀದಿಯ ಗುಜರಿಯವನು ತಾಮ್ರದಾಸೆಗೆ ತಂತಿಗಳನ್ನು ಸುಟ್ಟರೆ ಆ ಹೊಗೆ ಅವನ ಮಕ್ಕಳ ಎದೆಗೇ ಮೊದಲು ಇಳಿಯುತ್ತದೆ. 2022ರಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ಕಸ ಹುಟ್ಟಿತೆಂದೂ, ಕಾಲು ಭಾಗಕ್ಕಿಂತ ಕಡಮೆ ಮಾತ್ರ ಕ್ರಮಬದ್ಧವಾಗಿ ಸಂಗ್ರಹವಾಯಿತೆಂದೂ ವಿಶ್ವಸಂಸ್ಥೆಯ ವರದಿ ತಿಳಿಸುತ್ತದೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಇಂಥ ಕಸ ನೋಂದಾಯಿತ ಸಂಸ್ಕರಣಕಾರರನ್ನೇ ಸೇರಬೇಕು. ಯಂತ್ರವೊಂದರ ಆಯುಸ್ಸನ್ನು ನಾಲ್ಕು ವರ್ಷ ಹೆಚ್ಚಿಸಿದ ಮನೆಯವನು ಆ ರಾಶಿಯಿಂದ ಒಂದು ಪೆಟ್ಟಿಗೆಯನ್ನು ನಾಲ್ಕು ವರ್ಷ ದೂರವಿಟ್ಟಂತಾಯಿತು.

ಕೊನೆಗೆ, ಇಷ್ಟೊಂದು ಶ್ರಮ ಯಾವ ಪುರುಷಾರ್ಥಕ್ಕೆ ಎಂದು ಕೇಳುವವರಿರಬಹುದು. ವೇಗಕ್ಕಾಗಿ ಎಂಬುದು ಅರ್ಧ ಉತ್ತರ. ಹಳೆಯ ಗಣಕವನ್ನು ತೆರೆದು ಕುಳಿತವನಿಗೆ ಬೇಡದ್ದನ್ನು ಅಳಿಸುವ ಮುನ್ನ ಬೇಕಾದುದು ಯಾವುದೆಂದು ಆಯಬೇಕಾಗುತ್ತದೆ. ಆಯುವಾಗ, ಕಳೆದುಹೋಯಿತೆಂದುಕೊಂಡ ಅಮ್ಮನ ಒಂದು ಚಿತ್ರ ಸಿಕ್ಕೀತು, ಅರ್ಧಕ್ಕೆ ನಿಂತ ಬರಹವೊಂದು ಕಣ್ಣಿಗೆ ಬಿದ್ದೀತು, ಅದನ್ನು ಯೂನಿಕೋಡಿಗೆ ತಿರುಗಿಸಿ ಕಳುಹಿಸಿದರೆ, ಸಾಗರದಾಚೆಯ ಮೊಮ್ಮಗಳು ರೈಲಿನಲ್ಲಿ ಕುಳಿತು ಅಂಗೈಯಲ್ಲಿಯೇ ಓದಿ, "ತಾತ, ಮುಂದಿನದು ಎಲ್ಲಿ?" ಎಂದು ಕೇಳಿಯಾಳು. ಗುಜರಿಯವನ ತಕ್ಕಡಿ ತಗಡಿನ ತೂಕವನ್ನು ಬಲ್ಲುದು. ಒಳಗಿರುವುದರ ತೂಕವನ್ನು ಮನೆಯವರೇ ನೋಡಿಕೊಳ್ಳಬೇಕು.